ಕಪ್ಪತಗುಡ್ಡ: ನಮ್ಮೆಲ್ಲರ ಕೂಡುಬಂಡವಾಳ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಮಯದಲ್ಲಿ ನಾಲ್ಕು ಮಾತು ಆಡಲು ನಮಗೆ ಅಪ್ಪಣೆ ಕೊಟ್ಟಿದ್ದೀರಿ. ಅದಕ್ಕಾಗಿ ತಮಗೆಲ್ಲ ಶರಣು. ಸಾಲ, ಶೇರು, ಠೇವಣಿ, ವಸೂಲಿ ಇವುಗಳ ಬಗ್ಗೆ ಮಾತಾಡಲು ನಮಗಿಂತ ಬಲ್ಲವರು ಇಲ್ಲಿದ್ದಾರೆ. ನಾವು ಆರಿಸಿಕೊಂಡ ವಿಷಯ ಕಪ್ಪತಗುಡ್ಡ. "ಸಹಕಾರಿ ಸಂಘದ ಹಬ್ಬದಾಗ ಗುಡ್ಡದ ಮಾತ್ಯಾಕ್ರಿ?" ಅಂತ ಯಾರಾದರೂ ಕೇಳಬಹುದು. ಕೇಳಬೇಕು ಕೂಡ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ.

ನಮ್ಮ ಬೆಟಗೇರಿಯ ಸಮೀಪದಲ್ಲೇ ಇರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಮೊದಲ ಸಂಘಗಳಲ್ಲಿ ಒಂದು ಎಂದು ಅದನ್ನು ಗೌರವಿಸುತ್ತಾರೆ. ಆ ಹಿರಿಯರು ಕಲಿಸಿದ ಪಾಠ ಒಂದೇ. ಒಬ್ಬೊಬ್ಬರ ಕೈಯಲ್ಲಿ ಇದ್ದಾಗ ಸಾಲದ್ದು, ಕೂಡಿಟ್ಟಾಗ ಎಲ್ಲರಿಗೂ ಸಾಲುತ್ತದೆ. ಕೂಡಿಟ್ಟದ್ದರ ಅಸಲನ್ನು ಮುಟ್ಟಬಾರದು, ಬಡ್ಡಿಯಲ್ಲಿ ಬಾಳಬೇಕು. ಕಪ್ಪತಗುಡ್ಡವೂ ಅಂಥದೇ ಒಂದು ಕೂಡುಬಂಡವಾಳ. ಅದರ ಖಾತೆ ಯಾವ ಬ್ಯಾಂಕಿನಲ್ಲೂ ಇಲ್ಲ. ಆದರೆ ಅದರ ಬಡ್ಡಿ ನಮ್ಮ ಬಾವಿಯಲ್ಲಿ, ಹೊಲದಲ್ಲಿ, ದನದ ಮೇವಿನಲ್ಲಿ ಪ್ರತಿ ವರ್ಷ ಜಮಾ ಆಗುತ್ತಲೇ ಬಂದಿದೆ.

ನಮ್ಮ ಗುಡ್ಡ ಎಲ್ಲಿಂದ ಎಲ್ಲಿಗೆ?

ರಜೆ ಬಂತೆಂದರೆ ನಮ್ಮ ಮಕ್ಕಳ ಶಾಲಾ ಪ್ರವಾಸ ಎಲ್ಲಿಗೆ ಹೋಗುತ್ತದೆ? ಜೋಗ, ಯಾಣ, ಗೋಕರ್ಣ, ಕಾರವಾರ, ಮುರ್ಡೇಶ್ವರ. ಹೋಗಲಿ, ಬೇಡ ಅನ್ನುವುದಿಲ್ಲ. ಕರಾವಳಿಯ ಕಡಲು, ಅದರ ಬೆನ್ನಿಗೆ ನಿಂತ ಸಹ್ಯಾದ್ರಿಯ ಹಸುರು, ನೋಡಿದಷ್ಟೂ ಕಣ್ಣು ತುಂಬುವುದಿಲ್ಲ. ಆದರೆ ಹೋಗಿ ಬಂದ ಹುಡುಗನನ್ನು ಕರೆದು, "ಏನಪಾ, ನಿಮ್ಮ ಜಿಲ್ಲಾದ ಗುಡ್ಡ ಎಲ್ಲಿಂದ ಸುರು ಆಗಿ ಎಲ್ಲಿ ಮುಗೀತದ?" ಅಂತ ಕೇಳಿದರೆ ಮಾರಿ ಮಾರಿ ನೋಡುತ್ತಾನೆ. ದಿನಾ ಕಾಣುವ ಗುಡ್ಡ ಯಾರಿಗೂ ಗುರುತಿಲ್ಲದ ಗುಡ್ಡವಾಗಿದೆ.

ಗದಗ ಸಮೀಪದ ಬಿಂಕದಕಟ್ಟಿಯ ಕಡೆ ತಲೆ ಇಟ್ಟು, ಮುಂಡರಗಿ ತಾಲೂಕಿನ ಶಿಂಗಟಾಲೂರಿನ ಹತ್ತಿರ ತುಂಗಭದ್ರೆಯ ದಂಡೆಗೆ ಕಾಲು ಚಾಚಿ ಮಲಗಿದೆ ಈ ಗುಡ್ಡ. ವಾಯವ್ಯದಿಂದ ಆಗ್ನೇಯಕ್ಕೆ ಸುಮಾರು ಅರವತ್ತು ಕಿಲೋಮೀಟರು ಉದ್ದ. ಗದಗ, ಶಿರಹಟ್ಟಿ, ಮುಂಡರಗಿ ಮೂರೂ ತಾಲೂಕುಗಳಿಗೆ ಇದರಲ್ಲಿ ಪಾಲಿದೆ. ಒಂದೇ ಕಲ್ಲಿನ ಬೆಟ್ಟವಲ್ಲ ಇದು, ಸಾಲುಸಾಲಾಗಿ ಒಂದರ ಬೆನ್ನಿಗೊಂದು ನಿಂತ ದಿಣ್ಣೆಗಳು. ನಡುವೆ ಕಣಿವೆ, ಕಣಿವೆಯಲ್ಲಿ ಹಳ್ಳ. ಪೂರ್ವದ ಮಗ್ಗುಲಿಗೆ ಡಂಬಳ, ಡೋಣಿ, ಅತ್ತಿಕಟ್ಟಿ, ಹಿರೇವಡ್ಡಟ್ಟಿ. ಪಶ್ಚಿಮದ ಮಗ್ಗುಲಿಗೆ ಸೊರಟೂರು, ಜಲ್ಲಿಗೇರಿ, ಕಡಕೋಳ, ಶಿರಹಟ್ಟಿ. ಗುಡ್ಡದ ಮಡಿಲಲ್ಲೇ ಲಂಬಾಣಿ ಬಂಧುಗಳ ತಾಂಡಾಗಳಿವೆ.

ಗದಗ ಪಟ್ಟಣವೇ ಸಮುದ್ರಮಟ್ಟಕ್ಕಿಂತ ಸುಮಾರು 650 ಮೀಟರು ಎತ್ತರದಲ್ಲಿದೆ. ಈ ಎತ್ತರದ ಬಯಲಿನ ಮೇಲೆ ಗುಡ್ಡ ಮತ್ತೆ ಎದ್ದು ನಿಂತಿದೆ. ಆದ್ದರಿಂದ ಗಾಳಿಗುಂಡಿ ಬಸವಣ್ಣನ ಹತ್ತಿರ ನಿಂತು ನೋಡಿದರೆ ಎರಡೂ ಕಡೆಯ ಸೀಮೆ ಹಾಸಿದ ಜಮಖಾನದಂತೆ ಕಾಣುತ್ತದೆ. ಕರಿ ಪಟ್ಟಿ ಎರೆ, ಕೆಂಪು ಪಟ್ಟಿ ಮಸಾರಿ, ನಡುನಡುವೆ ಕೆರೆಯ ಮಿಂಚು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಮೇಲು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಕಡಲಿನಲ್ಲಿ ಹುಟ್ಟಿದ ಗುಡ್ಡ

ಅರಬ್ಬೀ ಸಮುದ್ರ ಇಲ್ಲಿಂದ ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ದೂರ. ಆದರೂ ಒಂದು ಸೋಜಿಗ ಕೇಳಿರಿ. ನಮ್ಮ ಕಪ್ಪತಗುಡ್ಡದ ಕಲ್ಲು ಹುಟ್ಟಿದ್ದು ನೀರಿನಲ್ಲೇ. ಇಲ್ಲಿಯ ಹಳೆಯ ಕಲ್ಲುಗಳಲ್ಲಿ ಬಹುಪಾಲು ಕಡಲ ತಳದಲ್ಲಿ ಉಕ್ಕಿ ಬಂದು ತಣ್ಣಗಾದ ಲಾವಾ, ಮತ್ತು ಅದರ ಮೇಲೆ ಪದರು ಪದರಾಗಿ ಕೂತ ಕೆಸರು, ಉಸುಕು. ನೀರೊಳಗೆ ತಣ್ಣಗಾದ ಲಾವಾ ದಿಂಬು ಒಟ್ಟಿದಂತೆ ಗುಂಡುಗುಂಡಾಗಿ ಗಟ್ಟಿಯಾಗುತ್ತದೆ. ಅಂಥ ಗುರುತುಗಳು ಗದಗದ ಕಲ್ಲಿನಲ್ಲಿ ಸಿಕ್ಕಿವೆ. ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕು ಈ ಪದರುಗಳು ಮಡಚಿದವು, ಕಾದವು, ಸೀಳುಸೀಳಾದ ಪದರಗಲ್ಲಾದವು.

ಇದರ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಹಿಮಾಲಯ ಏಳತೊಡಗಿ ಸುಮಾರು ಐದು ಕೋಟಿ ವರ್ಷವಾಗಿರಬಹುದು. ಅಂದಮೇಲೆ ಹಿಮಾಲಯ ನಮ್ಮ ಗುಡ್ಡದ ಕಲ್ಲಿನ ಮುಂದೆ ತೊಟ್ಟಿಲ ಕೂಸು. ಚಿತ್ರದುರ್ಗದ ಕಡೆಯಿಂದ ಉತ್ತರಕ್ಕೆ ಬರುವ ಶಿಲೆಯ ಪಟ್ಟಿಯೇ ಮುಂದುವರಿದು ಗದಗದ ಪಟ್ಟಿಯಾಗಿದೆ. ಬ್ರಿಟಿಷರ ಕಾಲದಲ್ಲಿ ಭೂಗರ್ಭ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬುವರು ಈ ಗುಡ್ಡ ಸುತ್ತಿ, 'ಡಂಬಳದ ಗುಡ್ಡಗಳು' ಎಂಬ ಹೆಸರಿನಿಂದಲೇ ಇಲ್ಲಿಯ ಚಿನ್ನದ ಕಲ್ಲಿನ ಬಗ್ಗೆ 1874ರಲ್ಲಿ ವರದಿ ಬರೆದರು. ಇಂಥ ಹಳೆಯ ಕಲ್ಲಿನ ಗುಂಪಿಗೆ ನಮ್ಮ 'ಧಾರವಾಡ'ದ ಹೆಸರನ್ನು ಕೊಟ್ಟವರೂ ಅವರೇ. ಇಂದು ಯಾವ ದೇಶದ ಭೂವಿಜ್ಞಾನಿಯಾದರೂ ಭಾರತದ ಹಳೆಯ ಶಿಲೆಗಳ ಬಗ್ಗೆ ಓದುವಾಗ ಧಾರವಾಡದ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ.

ಸುತ್ತಲಿನ ಮೆತ್ತಗಿನ ಕಲ್ಲು ಮಳೆಗೆ, ಗಾಳಿಗೆ ಸವೆದು ಬಯಲಾಯಿತು. ಕಬ್ಬಿಣದ ಅಂಶ ತುಂಬಿದ ಗಟ್ಟಿ ಪದರು ಸವೆಯದೆ ಏಣಾಗಿ ಉಳಿಯಿತು. ಹಾಗೆ ಉಳಿದದ್ದೇ ಇಂದಿನ ಗುಡ್ಡದ ನೆತ್ತಿ. ಅಂದರೆ ಕಬ್ಬಿಣದ ಅದಿರು ಗುಡ್ಡದೊಳಗೆ ಯಾರೋ ಬಚ್ಚಿಟ್ಟ ಗಂಟಲ್ಲ, ಅದು ಗುಡ್ಡದ ಬೆನ್ನೆಲುಬು. ಬೆನ್ನೆಲುಬು ತೆಗೆದಮೇಲೆ ಮೈ ನಿಲ್ಲುವುದಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿರಿ.

ಬಂಗಾರದ ಕತೆ

ಡೋಣಿ, ಸೊರಟೂರಿನ ಹಳ್ಳಗಳಲ್ಲಿ ಹಿಂದೆ ಮಳೆಗಾಲ ಮುಗಿದ ಮೇಲೆ ಜಲಗಾರರು ಉಸುಕು ತೊಳೆದು ಬಂಗಾರದ ಕಣ ತೆಗೆಯುತ್ತಿದ್ದರು. ಗುಡ್ಡದಿಂದ ನೀರಿನೊಂದಿಗೆ ಇಳಿದು ಬಂದ ಕಣವದು. ಬಂದಷ್ಟು ತೆಗೆದರು, ಗುಡ್ಡ ಅಗೆಯಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಬಲಾಯತಕಟ್ಟಿಯ ಸುತ್ತ ಕಂಪನಿಗಳು ಬಂದು ಗಣಿ ತೋಡಿದವು. ಯಂತ್ರ ಬಂತು, ಕೂಲಿ ಬಂತು, ಗದ್ದಲ ಬಂತು. ಖರ್ಚಿಗೆ ತಕ್ಕ ಬಂಗಾರ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಗಣಿ ಮುಚ್ಚಿ ಹೊರಟುಹೋದರು. ಉಳಿದದ್ದು ತೆಗ್ಗು ಮಾತ್ರ. ಆ ಊರುಗಳು ಶ್ರೀಮಂತವಾಗಲಿಲ್ಲ. ಮತ್ತೆ ಜೋಳ, ಕಡಲೆಯನ್ನೇ ನಂಬಿ ಬದುಕಿದವು. ಜೋಳ, ಕಡಲೆ ಕೈ ಬಿಡಲಿಲ್ಲ.

ಗಾಳಿ, ಮಳೆ, ನೀರು

ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಮುಂಗಾರು ಮೋಡ ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಅಲ್ಲೇ ಬರಿದಾಗಿ, ಘಟ್ಟ ದಾಟಿ ನಮ್ಮ ಕಡೆ ಬರುವಾಗ ಬರೀ ಗಾಳಿ. "ಮಾಡ ನಮ್ಮದು, ಮಳಿ ಅವರದು" ಅನ್ನುವ ಹಾಗೆ. ನಮ್ಮ ಸೀಮೆಗೆ ಬೀಳುವುದು ವರ್ಷಕ್ಕೆ ಸುಮಾರು 600 ಮಿಲಿಮೀಟರು. ಅದರಲ್ಲೂ ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಮಳೆಗಳೇ ನಮ್ಮ ಹಿಂಗಾರಿ ಪೀಕಿಗೆ ಜೀವ.

ಘಟ್ಟ ದಾಟಿ ಬಯಲಿನ ಮೇಲೆ ಓಡಿ ಬರುವ ಆ ಗಾಳಿಗೆ ಅಡ್ಡಲಾಗಿ ಸಿಗುವ ಏಣು ಕಪ್ಪತಗುಡ್ಡ. ಗಾಳಿ ಗುಡ್ಡವನ್ನು ಏರುವಾಗ ಇಕ್ಕಟ್ಟಿಗೆ ಸಿಕ್ಕು ವೇಗ ಹೆಚ್ಚಿಸಿಕೊಳ್ಳುತ್ತದೆ. ಗಾಳಿಗುಂಡಿ ಎಂಬ ಹೆಸರೇ ಇದಕ್ಕೆ ಸಾಕ್ಷಿ. ಗಾಳಿಯ ಯಂತ್ರಗಳು ನೆತ್ತಿಯ ಮೇಲೆ ಸಾಲಾಗಿ ನಿಂತದ್ದೂ ಇದೇ ಕಾರಣಕ್ಕೆ. ಹೊಗೆಯಿಲ್ಲದೆ ವಿದ್ಯುತ್ತು ಬರುತ್ತದೆ, ಒಳ್ಳೆಯದೇ. ಆದರೆ ಯಂತ್ರ ಸಾಗಿಸಲು ಕಡಿದ ರಸ್ತೆಗಳ ಮಣ್ಣು ಮಳೆಗೆ ಹರಿದು ಹಳ್ಳ ಸೇರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈಗ ನೀರಿನ ಲೆಕ್ಕ ಹೇಳುತ್ತೇವೆ. ಸಂಘದ ಸಭೆ ಇದು, ಲೆಕ್ಕವಿಲ್ಲದ ಮಾತು ಇಲ್ಲಿ ನಡೆಯಬಾರದು. 600 ಮಿಲಿಮೀಟರು ಮಳೆಯೆಂದರೆ ಒಂದು ಎಕರೆಗೆ ವರ್ಷಕ್ಕೆ ಸುಮಾರು 24 ಲಕ್ಷ ಲೀಟರು ನೀರು. ಐದು ಸಾವಿರ ಲೀಟರಿನ ಟ್ಯಾಂಕರು ಹಿಡಿದರೆ 480 ಟ್ಯಾಂಕರು, ಒಂದೇ ಎಕರೆಗೆ! ಕಪ್ಪತಗುಡ್ಡದ ವನ್ಯಜೀವಿ ಧಾಮದ ವಿಸ್ತೀರ್ಣ 244 ಚದರ ಕಿಲೋಮೀಟರು, ಅಂದರೆ ಅರವತ್ತು ಸಾವಿರ ಎಕರೆ. ಅಷ್ಟರ ಮೇಲೂ ಇಷ್ಟೇ ಮಳೆ ಬಿತ್ತೆಂದು ಹಿಡಿದರೂ ಐದು ಟಿ.ಎಂ.ಸಿ. ನೀರು ಬಿದ್ದಂತಾಯಿತು. ಇದಕ್ಕೆ ಅಣೆಕಟ್ಟು ಬೇಕಿಲ್ಲ, ಪಂಪು ಬೇಕಿಲ್ಲ, ಕರೆಂಟ್ ಬಿಲ್ ಬರುವುದಿಲ್ಲ.

ಎಲ್ಲಾ ನೀರೂ ನಮಗೆ ಸಿಗುತ್ತದೆ ಅಂತಲ್ಲ. ಬಿಸಿಲಿಗೆ ಆರುವುದು ಹೆಚ್ಚು, ಗಿಡಗಂಟಿ ಹೀರಿಕೊಳ್ಳುವುದೂ ಉಂಟು. ಉಳಿದದ್ದು ಎಲ್ಲಿ ಹೋಗುತ್ತದೆ ಎಂಬುದೇ ಮುಖ್ಯ. ಗುಡ್ಡದ ಮೇಲೆ ಹುಲ್ಲಿದ್ದರೆ, ಕಂಟಿ ಇದ್ದರೆ, ಬಿದ್ದ ಹನಿ ನೆಲಕ್ಕೆ ಬಡಿಯದೆ ಮೆಲ್ಲಗೆ ಇಳಿಯುತ್ತದೆ. ಸೀಳುಸೀಳಾಗಿ ನೆಟ್ಟಗೆ ನಿಂತ ಪದರಗಲ್ಲಿನ ಬಿರುಕಿನಲ್ಲಿ ಒಳಹೊಕ್ಕು, ತಿಂಗಳುಗಟ್ಟಲೆ ತಡೆದು, ಕೆಳಗಿನ ಬಾವಿಗೆ ಒರತೆಯಾಗಿ ಬರುತ್ತದೆ. ಹುಲ್ಲು ಸುಟ್ಟು ಗುಡ್ಡ ಬೋಳಾದರೆ ಅದೇ ನೀರು ಎರಡು ತಾಸಿನಲ್ಲಿ ಕೆಂಪಗೆ ಹಳ್ಳ ತುಂಬಿ ಹರಿದು, ಮೂರನೆಯ ದಿನ ಹಳ್ಳ ಒಣಗಿರುತ್ತದೆ. ಮಳೆ ಅಷ್ಟೇ, ಗುಡ್ಡ ಅದೇ. ಒಂದು ಸಾರಿ ಠೇವಣಿಯಾಯಿತು, ಇನ್ನೊಂದು ಸಾರಿ ದುಂದು ಆಯಿತು.

ಇದನ್ನು ನಮಗಿಂತ ಚೆನ್ನಾಗಿ ಬಲ್ಲವರು ಡಂಬಳದ ಹಿರಿಯರು. ಗುಡ್ಡದ ನೀರು ಇಳಿದು ಬರುವ ದಾರಿಯಲ್ಲೇ ಅಷ್ಟು ದೊಡ್ಡ ಕೆರೆ ಕಟ್ಟಿದರು. ಆ ಊರಿಗೆ ಹಿಂದೆ ಧರ್ಮವೊಳಲು ಎಂಬ ಹೆಸರಿತ್ತು. ಅಲ್ಲಿಯ ಹದಿನಾರು ಜನ ಸೆಟ್ಟಿಗಳು ಬೌದ್ಧರ ತಾರಾದೇವಿಗೆ ವಿಹಾರ ಕಟ್ಟಿಸಿದ ವಿಷಯ 1095ರ ಶಾಸನದಲ್ಲಿದೆ. ನಕ್ಷತ್ರದ ಆಕಾರದ ದೊಡ್ಡಬಸಪ್ಪನ ಗುಡಿಯನ್ನು ನೋಡಲು ದೂರದೂರದವರು ಬರುತ್ತಾರೆ. ಸೊರಟೂರಿನಲ್ಲಿ 1190ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ. ಇಂಥ ಮಳೆ ಕಡಿಮೆಯ ಸೀಮೆಯಲ್ಲಿ ವ್ಯಾಪಾರ, ಗುಡಿ, ದಂಡು ಎಲ್ಲ ಹೇಗೆ ನೆಲೆನಿಂತವು? ನೀರು ಇದ್ದಲ್ಲೇ ಊರು. ಆ ನೀರನ್ನು ಇಳಿಸಿಕೊಟ್ಟದ್ದು ಗುಡ್ಡ.

ಮಣ್ಣಿನ ಮಾತೂ ಇದೇ. ಗುಡ್ಡದ ಬುಡಕ್ಕೆ ಗರಸು, ಆಮೇಲೆ ಮಸಾರಿ, ಇನ್ನೂ ಕೆಳಗೆ ಹೋದಂತೆ ಆಳವಾದ ಎರೆ. ಮಸಾರಿಯಲ್ಲಿ ಶೇಂಗಾ, ಎರೆಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ, ಮೆಣಸಿನಕಾಯಿ. ಆ ಹತ್ತಿಯಿಂದಲೇ ಗದಗಿನ ಪ್ಯಾಟಿ ಬೆಳೆಯಿತು. ಮಗ್ಗದ ಸದ್ದಿನ ನಮ್ಮ ಬೆಟಗೇರಿಗೂ ಹತ್ತಿಯ ನಂಟು ಹಳೆಯದು. ಹೊಲ ಇದ್ದವರಿಗಷ್ಟೇ ಗುಡ್ಡ ಬೇಕು, ಮಗ್ಗದವರಿಗೆ ಯಾಕೆ ಅಂತ ಅನ್ನಬೇಡಿರಿ.

ಗುಡ್ಡದ ಒಕ್ಕಲು

ಕಪ್ಪತಗುಡ್ಡವನ್ನು ಸಸ್ಯಕಾಶಿ ಅನ್ನುತ್ತಾರೆ, ಉತ್ತರ ಕರ್ನಾಟಕದ ಸಹ್ಯಾದ್ರಿ ಅನ್ನುತ್ತಾರೆ. ಆದರೆ ಸಹ್ಯಾದ್ರಿಯ ಹಾಗೆ ಮುಗಿಲೆತ್ತರದ ಮರ ಹುಡುಕಿಕೊಂಡು ಹೋದವರಿಗೆ ನಿರಾಸೆಯಾದೀತು. ಇದು ಒಣಸೀಮೆಯ ಕುರುಚಲು ಕಾಡು, ಹುಲ್ಲುಗಾವಲು. ನೆಲ್ಲಿ, ಅಣಲೆ, ಮುತ್ತಲ, ದಿಂಡಲ, ಕವಳಿಹಣ್ಣು, ಬಾರಿಹಣ್ಣು, ಅಮೃತಬಳ್ಳಿ, ಮಧುನಾಶಿನಿ, ಶತಾವರಿ, ಸೊಗದೆಬೇರು. ನಾಟಿ ವೈದ್ಯರು ತಲೆಮಾರುಗಳಿಂದ ಇಲ್ಲಿಯ ಬೇರು, ತೊಗಟೆ, ಎಲೆ ಒಯ್ಯುತ್ತ ಬಂದಿದ್ದಾರೆ. ನೂರಾರು ಬಗೆಯ ಔಷಧಿ ಸಸ್ಯಗಳು ಇಲ್ಲಿವೆ.

ತೋಳ, ಕತ್ತೆಕಿರುಬ, ನರಿ, ಚಿರತೆ, ನಾಲ್ಕು ಕೊಂಬಿನ ಚಿಗರಿ, ಚಿಂಕಾರ, ನವಿಲು ಇಲ್ಲಿಯ ಒಕ್ಕಲು. ಇವು ದಟ್ಟ ಅಡವಿಯ ಪ್ರಾಣಿಗಳಲ್ಲ. ಬಯಲು, ಹುಲ್ಲು, ಕಲ್ಲಿನ ಪೊಟರೆ ಬೇಕಾದವು. ಇಂಥ ನೆಲವನ್ನು ಕಾಗದದಲ್ಲಿ 'ಪಾಳುಭೂಮಿ' ಎಂದು ಬರೆದುಬಿಟ್ಟರೆ ಅವಕ್ಕೆ ಮನೆಯೇ ಇಲ್ಲದಂತಾಗುತ್ತದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆಯ ಬಾತುಗಳು ಬರುತ್ತವೆ. ಆ ಕೆರೆಗೆ 2024ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಬಂತು. ಜಗತ್ತು ನಮ್ಮ ಸೀಮೆಯನ್ನು ಗುರುತಿಸಿತು. ನಾವು ಗುರುತಿಸಬೇಕಾದದ್ದು ಬಾಕಿ ಇದೆ.

ದೇವರೂ ಗುಡ್ಡದ ಒಕ್ಕಲೇ. ಕಪ್ಪತಮಲ್ಲಯ್ಯ, ಗಾಳಿಗುಂಡಿ ಬಸವಣ್ಣ, ನಂದಿವೇರಿ ಮಠ, ಕೊನೆಯಲ್ಲಿ ಶಿಂಗಟಾಲೂರಿನ ವೀರಭದ್ರ. ಶ್ರಾವಣದಲ್ಲಿ ಬುತ್ತಿ ಕಟ್ಟಿಕೊಂಡು ಗುಡ್ಡ ಹತ್ತುವ ಮಂದಿಗೆ ಭೂಗೋಳ ಬೇರೆ, ಭಕ್ತಿ ಬೇರೆ ಅಲ್ಲ.

ಉಳಿದದ್ದು ಹೇಗೆ?

ಗುಡ್ಡ ತಾನಾಗಿ ಉಳಿದಿಲ್ಲ, ಜನ ಉಳಿಸಿದ್ದಾರೆ. ಮುಂಡರಗಿ ತಾಲೂಕಿನ ಹಳ್ಳಿಗುಡಿ ಭಾಗದಲ್ಲಿ ವಿದೇಶಿ ಕಂಪನಿಯ ಉಕ್ಕಿನ ಕಾರ್ಖಾನೆಗಾಗಿ ಮೂರು ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ತೆಗೆದುಕೊಳ್ಳಲು ಹೊರಟಾಗ ರೈತರು ಎದ್ದು ನಿಂತರು. ಗದಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಅವರ ಮುಂದೆ ನಿಂತರು. 2011ರ ಜುಲೈಯಲ್ಲಿ ಸರಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. ಅದೇ ತಿಂಗಳು ಬಳ್ಳಾರಿಯಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಯನ್ನು ನಿಲ್ಲಿಸಿತು. ಸಂಡೂರು, ಹೊಸಪೇಟೆಯ ಕೆಂಪು ಧೂಳು ಏನು ಮಾಡಿತೆಂಬುದನ್ನು ನಾವು ಪಕ್ಕದಲ್ಲೇ ಇದ್ದು ನೋಡಿದವರು.

2015ರ ಡಿಸೆಂಬರಿನಲ್ಲಿ ರಾಜ್ಯ ಸರಕಾರ ಕಪ್ಪತಗುಡ್ಡದ 17,872 ಹೆಕ್ಟೇರನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಸಾರಿತು. ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಆ ಆದೇಶ ಹಿಂದೆ ಪಡೆಯಿತು. ಜನ ಸುಮ್ಮನೆ ಕೂಡಲಿಲ್ಲ. 2017ರ ಫೆಬ್ರವರಿಯಲ್ಲಿ ಗದಗಿನಲ್ಲಿ ತೋಂಟದ ಶ್ರೀಗಳ ನೇತೃತ್ವದಲ್ಲಿ ಧರಣಿ ನಡೆಯಿತು. ರೈತರು, ಮಠಾಧೀಶರು, ಸಾಹಿತಿಗಳು, ವಿದ್ಯಾರ್ಥಿಗಳು ಒಂದೇ ಚಪ್ಪರದ ಕೆಳಗೆ ಕುಳಿತರು. ಏಪ್ರಿಲ್ ತಿಂಗಳಲ್ಲಿ ಮೀಸಲು ಪ್ರದೇಶದ ಆದೇಶ ಮರಳಿ ಬಂತು. ಶ್ರೀಗಳು 2018ರ ಅಕ್ಟೋಬರಿನಲ್ಲಿ ಲಿಂಗೈಕ್ಯರಾದರು. 2019ರ ಮೇ ತಿಂಗಳಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಆ ದಿನ ನೋಡಲು ಅವರಿರಲಿಲ್ಲ. ಅವರು ಹಾಕಿಕೊಟ್ಟ ದಾರಿ ಇತ್ತು.

ನಮ್ಮಲ್ಲಿ ಕೆಲವು ಹುಡುಗರು ಕೇಳುತ್ತಾರೆ: "ಗಣಿ ಬಂದಿದ್ರ ನಮಗ ಕೆಲಸ ಸಿಗ್ತಿತ್ತಲ್ರಿ? ತ್ವಾಳ, ನರಿ ಉಳಿಸಿ ನಾವು ಗೋವಾಕ್ಕ ದುಡಿಯಾಕ ಹೋಗಬೇಕನ?" ಈ ಪ್ರಶ್ನೆಯನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ಹೊಟ್ಟೆಯ ಪ್ರಶ್ನೆ ಅದು. ಮಳೆ ಕೈಕೊಟ್ಟ ವರ್ಷ ತಾಂಡಾದ ಮನೆಗಳಿಗೆ ಬೀಗ ಬೀಳುವುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಲೆಕ್ಕ ಹಾಕಿರಿ ತಮ್ಮಂದಿರಾ. ಗಣಿಯ ಕೆಲಸ ಅದಿರು ಇರುವತನಕ. ಯಂತ್ರ ಬಂದಮೇಲೆ ಅದರಲ್ಲೂ ಕೈ ಕಡಿಮೆ. ಆಗಲೇ ಹೇಳಿದೆವಲ್ಲ, ಅದಿರು ಗುಡ್ಡದ ಬೆನ್ನೆಲುಬು. ಅದನ್ನು ತೆಗೆದರೆ ಹುಲ್ಲು, ಒರತೆ, ಕೆರೆ, ಕೆಳಗಿನ ಹೊಲ ಒಂದರ ಹಿಂದೆ ಒಂದು ಹೋಗುತ್ತವೆ. ಬಂಗಾರದ ಗಣಿಯ ತೆಗ್ಗು ನೂರು ವರ್ಷದ ಹಿಂದೆಯೇ ನಮಗೆ ಇದನ್ನು ತೋರಿಸಿದೆ. ಅಸಲು ಮಾರಿ ಹೋಳಿಗೆ ಉಂಡರೆ ಮರುದಿನ ರೊಟ್ಟಿಗೂ ಸಾಲ.

ಹಾಗೆಂದು ಗುಡ್ಡ ಉಳಿಸುವ ಭಾರವನ್ನೆಲ್ಲ ಗುಡ್ಡದ ಬುಡದ ಬಡವನ ತಲೆಯ ಮೇಲೆ ಹೊರಿಸಿ, ನೀರು ಮಾತ್ರ ಎಲ್ಲರೂ ಕುಡಿಯುವುದು ನ್ಯಾಯವಲ್ಲ. ಕುರಿ ಮೇಯಿಸುವವನಿಗೆ ಬೇರೆ ಕಡೆ ಮೇವು ಬೇಕು, ಕಟ್ಟಿಗೆ ತರುವ ತಾಯಿಗೆ ಒಲೆ ಹೊತ್ತಿಸಲು ಬೇರೆ ದಾರಿ ಬೇಕು. ಇಲ್ಲೇ ಸಹಕಾರಿ ಸಂಘದ ಕೆಲಸ ಬರುತ್ತದೆ.

ನಾವು ಮಾಡಬಹುದಾದದ್ದು

ಸರಕಾರದ ಆದೇಶ ಗಣಿಯನ್ನು ತಡೆಯಬಲ್ಲದು. ಬೇಸಿಗೆಯ ಬೆಂಕಿಯನ್ನು ತಡೆಯಲಾರದು. ಪ್ರತಿ ವರ್ಷ ಹುಲ್ಲು ಒಣಗಿದ ಮೇಲೆ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಹೊಸ ಹುಲ್ಲು ಚೆನ್ನಾಗಿ ಚಿಗಿತಾವು ಅಂತ ಹಚ್ಚುವವರುಂಟು, ಬೀಡಿ ಸೇದಿ ಒಗೆಯುವವರುಂಟು. ಒಂದು ರಾತ್ರಿಯ ಬೆಂಕಿಗೆ ನವಿಲಿನ ಮೊಟ್ಟೆ, ಸಸಿ, ಬೀಜ, ನೆಲ ಕಟ್ಟಿದ ಬೇರು ಎಲ್ಲ ಬೂದಿ. ಮೊದಲ ಮಳೆಗೆ ಆ ಬೂದಿ, ಅದರ ಹಿಂದೆ ಮಣ್ಣು, ಹಳ್ಳಕ್ಕೆ. ಕಂಪನಿಯ ವಿರುದ್ಧ ಧರಣಿ ಕೂಡಬಹುದು. ನಮ್ಮದೇ ಕೈಯ ಕಡ್ಡಿಪೆಟ್ಟಿಗೆಯ ವಿರುದ್ಧ ಯಾರು ಧರಣಿ ಕೂಡಬೇಕು?

ಆದ್ದರಿಂದ ಬೆಳ್ಳಿಹಬ್ಬದ ನೆನಪಿಗಾಗಿ ಸಂಘದ ಮುಂದೆ ಐದು ಮಾತು ಇಡುತ್ತೇವೆ.

ಒಂದು: ಹುಲ್ಲು ಸುಡುವ ಬದಲು ಕೊಯ್ಯುವ ಪದ್ಧತಿ ಬೆಳೆಸಬೇಕು. ಅರಣ್ಯ ಇಲಾಖೆ ಅನುಮತಿ ಕೊಟ್ಟ ಕಡೆ ಕೊಯ್ದು ತಂದು ಬಣವೆ ಹಾಕಿದರೆ ಬೇಸಿಗೆಯ ಮೇವೂ ಆಯಿತು, ಬೆಂಕಿಗೆ ಉರುವಲೂ ಕಡಿಮೆಯಾಯಿತು. ಹೊಲದ ಬದುವಿನಲ್ಲಿ ಮೇವು ಬೆಳೆಸುವವರಿಗೆ ಸಂಘ ಸಣ್ಣ ಸಾಲ ಕೊಡುವ ವಿಚಾರ ಮಾಡಲಿ.

ಎರಡು: ಬದು ಹಾಕಿಸುವ, ಕೃಷಿಹೊಂಡ ತೋಡಿಸುವ ಸದಸ್ಯರಿಗೆ ಸಾಲದಲ್ಲಿ ಮೊದಲ ಪಾಳಿ ಸಿಗಲಿ. ಗುಡ್ಡ ಇಳಿಸಿದ ನೀರನ್ನು ಹೊಲ ಹಿಡಿಯದಿದ್ದರೆ ಗುಡ್ಡದ ಶ್ರಮ ದಂಡ.

ಮೂರು: ಕೆರೆಯ ಹೂಳು ಎತ್ತುವ ಕೆಲಸದಲ್ಲಿ ಸಂಘದ ಸದಸ್ಯರು ಟ್ರ್ಯಾಕ್ಟರಿನೊಂದಿಗೆ ಮುಂದೆ ಬರಲಿ. ಆ ಹೂಳು ಪರಕೀಯವಲ್ಲ, ಗುಡ್ಡದಿಂದಲೂ ಹೊಲದಿಂದಲೂ ಹೋದ ಮಣ್ಣೇ ಅದು. ಮರಳಿ ಹೊಲಕ್ಕೆ ತಂದರೆ ಗೊಬ್ಬರ.

ನಾಲ್ಕು: ಶ್ರಾವಣದಲ್ಲಿ ಗುಡ್ಡಕ್ಕೆ ಹೋದವರು ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರಬೇಕು. ನಮ್ಮ ಹಿರಿಯರು ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು, ಅರಿವೆ ಮನೆಗೆ ತರುತ್ತಿದ್ದರು. ದೇವರಿಗೆ ಅದೇ ನೈವೇದ್ಯ ನಡೆದಿತ್ತು.

ಐದು: ನಮ್ಮ ಶಾಲೆಗಳ ಮಕ್ಕಳಿಗೆ ವರ್ಷಕ್ಕೊಮ್ಮೆ ಕಪ್ಪತಗುಡ್ಡದ ಪ್ರವಾಸ. ಮಾಸ್ತರರು ಜೊತೆಗಿರಲಿ, ಒಬ್ಬ ಕುರಿಗಾರನೂ ಇರಲಿ, ಗಿಡಮೂಲಿಕೆ ಬಲ್ಲ ಒಬ್ಬ ಅಜ್ಜನೂ ಇರಲಿ. ಕಡಲು ನೋಡಲಿ, ಜೋಗ ನೋಡಲಿ, ಆದರೆ ಅದಕ್ಕಿಂತ ಮೊದಲು ತಾವು ಕುಡಿಯುವ ಬಾವಿಯ ನೀರು ಎಲ್ಲಿಂದ ಬರುತ್ತದೆಂದು ನೋಡಲಿ.

ಬಂಧುಗಳೇ, ಪ್ರತಿ ವರ್ಷ ಸಂಘದ ಲೆಕ್ಕ ತಪಾಸಣೆಯಾಗುತ್ತದೆ. ಜಮಾ ಎಷ್ಟು, ಖರ್ಚು ಎಷ್ಟು, ಬಾಕಿ ಯಾರದು ಎಂದು ವಾರ್ಷಿಕ ಸಭೆಯಲ್ಲಿ ಓದಿ ಹೇಳುತ್ತೇವೆ. ಅದರ ಜೊತೆಗೆ ಇನ್ನೊಂದು ಪುಟ ಸೇರಿಸೋಣ. ಈ ವರ್ಷ ಗುಡ್ಡಕ್ಕೆ ಎಷ್ಟು ಸಾರಿ ಬೆಂಕಿ ಬಿತ್ತು, ಎಷ್ಟು ಬಾವಿಗಳಲ್ಲಿ ಯುಗಾದಿಯವರೆಗೆ ನೀರು ನಿಂತಿತು, ಎಷ್ಟು ಹೊಲಕ್ಕೆ ಬದು ಬಿತ್ತು ಎಂದು ಬರೆಯೋಣ. ಖರ್ಚಿಲ್ಲದ ಕೆಲಸವದು, ಒಂದು ನೋಟ್‌ಬುಕ್ ಸಾಕು. ಇನ್ನು ಇಪ್ಪತ್ತೈದು ವರ್ಷಕ್ಕೆ ಸಂಘದ ಸುವರ್ಣ ಮಹೋತ್ಸವ ಬರುತ್ತದೆ. ಆ ಸಭೆಯಲ್ಲಿ ಕೂಡುವವರು ಆ ಪುಟಗಳನ್ನು ತೆರೆದು ನೋಡಲಿ. ಹಿರಿಯರು ಅಸಲು ಉಳಿಸಿದ್ದಾರೋ, ಉಂಡು ಎದ್ದಿದ್ದಾರೋ ಎಂಬುದು ಅವರಿಗೆ ತಿಳಿಯಲಿ.

 ಸಂಘ ಬೆಳೆಯಲಿ, ಗುಡ್ಡ ಹಸುರಾಗಿರಲಿ, ನಮ್ಮ ಹೊಲ ಮಗ್ಗ ಎರಡಕ್ಕೂ ಕೆಲಸ ತಪ್ಪದಿರಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.